ಚೌಕಕ್ಕೊಂದು ಹೆಜ್ಜೆ

ಕಂಪ್ಯೂಟರು ಕೆಡುವುದು ಮೂರೇ ಕಾರಣಕ್ಕೆ ಎಂಬುದು ಅವಳ ನಂಬಿಕೆ: ಧೂಳು, ವೈರಸ್ಸು, ಸುಳ್ಳು. ಮೊದಲಿನ ಎರಡಕ್ಕೆ ಅವಳ ಚೀಲದಲ್ಲಿ ಮದ್ದಿತ್ತು. ಮೂರನೆಯದಕ್ಕೆ ಹದಿನಾಲ್ಕು ವರ್ಷಗಳಿಂದ ಹುಡುಕುತ್ತಿದ್ದಳು. 'ನಾನೇನೂ ಮುಟ್ಟಿಲ್ಲ, ತಾನಾಗೇ ನಿಂತ್ಹೋಯ್ತು' ಎನ್ನದ ಒಬ್ಬನೇ ಒಬ್ಬ ಗಿರಾಕಿ ಅವಳಿಗೆ ಇನ್ನೂ ಸಿಕ್ಕಿರಲಿಲ್ಲ. ಹಾಗಾಗಿ ಯಾರ ಮಾತನ್ನೂ ಪೂರ್ತಿ ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ಹೋಗುವುದು, ಆರಿಸುವುದು, ಹೊತ್ತಿಸುವುದು, ರಸೀದಿ ಹರಿದು ಕೊಟ್ಟು ಬರುವುದು. ಹತ್ತರಲ್ಲಿ ಏಳು ಸಲ ಅಷ್ಟಕ್ಕೇ ಕೆಲಸ ಮುಗಿಯುತ್ತಿತ್ತು. ಊರಿನ ಕಚೇರಿಗಳಲ್ಲಿ ಅವಳನ್ನು ಎದುರಿಗೆ ಕಂಪ್ಯೂಟರಮ್ಮ ಅನ್ನುತ್ತಿದ್ದರು, ಬೆನ್ನ ಹಿಂದೆ ಬಿರುಗಾಳಿ ಅನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು, ಎರಡರ ಬಗ್ಗೆಯೂ ಬೇಸರವಿರಲಿಲ್ಲ.

ಆ ದಿನ ಹನ್ನೊಂದೂವರೆಗೆ ನೀರು ಸರಬರಾಜು ಕಚೇರಿಯ ಗುಮಾಸ್ತನ ಫೋನು ಬಂತು.

"ಮೇಡಂ, ನಮ್ಮ ಹಳೇ ಸಿಸ್ಟಂ ಮತ್ತೆ ರಗಳೆ ಮಾಡ್ತಿದೆ. ಒಂದು ಸಲ ಒತ್ತಿದ್ರೆ ಕಾಲು ಗಂಟೆ ಸುಮ್ನೆ ಕೂತಿರುತ್ತೆ. ಬೇಗ ಬನ್ನಿ. ಎರಡು ಗಂಟೆಗೆ ಲೈನ್ ರಿಪೇರಿಗೆ ಅಂತ ಕರೆಂಟ್ ಬೇರೆ ತೆಗೀತಾರಂತೆ."

"ಒಳ್ಳೇದೇ ಆಯ್ತಲ್ಲ. ತಾನಾಗೇ ರೀಸ್ಟಾರ್ಟ್ ಆಗುತ್ತೆ."

"ಅದೇ ಆಗಬಾರದಂತೆ ಮೇಡಂ," ಎಂದ ಗುಮಾಸ್ತ. ಅದ್ಯಾಕೆ ಎಂದು ಅವನು ಹೇಳುವ ಮೊದಲೇ ಅವಳು ಫೋನಿಟ್ಟಾಗಿತ್ತು.

ಕಚೇರಿಯ ಗೋಡೆಯಾಚೆ ಪಂಪ್‌ಮನೆ. ಅದರ ಗುಂಯ್ ಸದ್ದಿಗೆ ಮೇಜಿನ ಮೇಲಿನ ಗುಂಡುಪಿನ್ನುಗಳೂ ಸಣ್ಣಗೆ ನಡುಗುತ್ತಿದ್ದವು. ಕಂಪ್ಯೂಟರಿನ ಕೋಣೆ ಉದ್ದದ ಮೊಗಸಾಲೆಯ ಕೊನೆಯಲ್ಲಿತ್ತು. ಬಾಗಿಲ ಮೇಲೆ 'ಚಪ್ಪಲಿ ಹೊರಗೆ ಬಿಡಿ' ಎಂಬ ಚೀಟಿ. ಒಳಗೆ ಅಂಗುಲ ದಪ್ಪ ಧೂಳಿದ್ದರೂ ನಿಯಮ ನಿಯಮವೇ. ಅವಳು ಚಪ್ಪಲಿ ಬಿಟ್ಟಳು. ಹೋದ ವರ್ಷ ಎಡಗಾಲಿನದರ ಅಟ್ಟೆ ಬಾಯಿ ಬಿಟ್ಟಾಗ ಮೋಚಿಯ ಹತ್ತಿರ ಹೋಗಲು ಪುರುಸೊತ್ತಿಲ್ಲದೆ ಅದಕ್ಕೊಂದು ಕಂಪ್ಯೂಟರ್ ಕ್ಯಾಬಿನೆಟ್ಟಿನ ಸ್ಕ್ರೂ ಹೊಡೆದಿದ್ದಳು. ಅಂದಿನಿಂದ ಅದು ನೆಲಕ್ಕೆ ತಾಗಿದಾಗಲೆಲ್ಲ ಟಿಕ್ ಎನ್ನುತ್ತಿತ್ತು. ಕಂಪ್ಯೂಟರಮ್ಮ ಬರುವುದು ಕಾಣುವ ಮೊದಲು ಕೇಳುತ್ತದೆ ಎಂದು ಗುಮಾಸ್ತರೆಲ್ಲ ನಗುತ್ತಿದ್ದರು.

ಪರದೆಯ ಮೇಲೆ ಚೌಕಚೌಕದ ಹಾಳೆಯೊಂದು ತೆರೆದಿತ್ತು. ಹಾಜರಿ, ಲೆಕ್ಕ ಬರೆಯಲು ಎಲ್ಲ ಕಚೇರಿಗಳಲ್ಲಿಯೂ ಬಳಸುತ್ತಾರಲ್ಲ, ಅಂಥದ್ದೇ. ಆದರೆ ಇದರಲ್ಲಿ ಅಂಕಿ ಇರಲಿಲ್ಲ, ಅಕ್ಷರವೂ ಇರಲಿಲ್ಲ. ನೀಲಿ ಚೌಕಗಳ ಒಂದು ಸಾಲು ಎಡದಿಂದ ಬಂದು, ಕೆಳಕ್ಕೆ ತಿರುಗಿ, ಪರದೆಯಾಚೆ ಹೋಗಿತ್ತು. ಪಕ್ಕದಲ್ಲಿ ಒಂದಿಷ್ಟು ಹಸಿರು. ಅಲ್ಲಲ್ಲಿ ಒಂದೊಂದು ಕೆಂಪು.

"ಯಾವ ಮಗು ಬಣ್ಣ ಬಳಿದು ಆಟ ಆಡಿದ್ದು ಇದು?" ಎನ್ನುತ್ತ ಅವಳು ಮೌಸು ಆಡಿಸಿದಳು. ಬಾಣ ಅಲ್ಲಾಡಲಿಲ್ಲ. ಎಣಿಸಿ ನಲವತ್ತು ಸೆಕೆಂಡಿನ ನಂತರ ಒಂದು ಬೆರಳಷ್ಟು ಸರಿಯಿತು. ಹಾಗಾದರೆ ಮದ್ದು ಒಂದೇ. ಅವಳ ಹೆಬ್ಬೆರಳು ಕ್ಯಾಬಿನೆಟ್ಟಿನ ಗುಂಡಿಯ ಮೇಲೆ ಹೋಯಿತು.

"ಕೈ ತೆಗಿ ತಾಯಿ. ಆರಿಸಬೇಡ."

ಬಾಗಿಲಲ್ಲಿ ಒಬ್ಬಾತ ನಿಂತಿದ್ದ. ಮೊಣಕಾಲ ತನಕ ಒಣಗಿದ ಕೆಸರು, ಹೆಗಲ ಮೇಲೆ ಆಳುದ್ದದ ಕಬ್ಬಿಣದ ಕೀಲಿ, ಕಂಕುಳಲ್ಲಿ ಇನ್ನೊಂದು ಸಣ್ಣ ಸಲಾಕೆ. ಊರಿನ ನೀರುಗಂಟಿ. ರಸ್ತೆಯಡಿಯ ವಾಲ್ವುಗಳನ್ನು ತೆರೆದು ಮುಚ್ಚಿ ಬೀದಿಬೀದಿಗೆ ನೀರು ಬಿಡುವವನು. ಅವಳು ಆತನನ್ನು ನೋಡಿದ್ದು ಅದೇ ಮೊದಲು. ನಲ್ಲಿಯಲ್ಲಿ ನೀರು ಬಂದಾಗ ನೀರುಗಂಟಿಯನ್ನು ಯಾರು ನೆನೆಯುತ್ತಾರೆ?

"ಆರಿಸಿದ್ರೆ ಏನಾಗುತ್ತೆ?"

"ಹತ್ತೊಂಬತ್ತು ದಿನದ ನಡಿಗೆ ಹೋಗುತ್ತೆ," ಎಂದ ಆತ. ಬಂದು ಸ್ಟೂಲೆಳೆದು ಕೂತ. "ಇದನ್ನ ಆರಿಸಿ ಹತ್ತೊಂಬತ್ತು ದಿನ ಆಯ್ತು. ಸೇವ್ ಒತ್ತಿದ್ರೆ ನಿಂತೇ ಹೋಗುತ್ತೆ. ಹೋದ ತಿಂಗಳು ಹಾಗೇ ಆಗಿ, ಇವನು ಪ್ಲಗ್ ಕಿತ್ತ. ನಾಲ್ಕು ದಿನದ ಕೆಲಸ ಮಣ್ಣುಪಾಲಾಯ್ತು. ಆಮೇಲೆ ಒತ್ತೋಕೇ ಧೈರ್ಯ ಬಂದಿಲ್ಲ."

ಅಷ್ಟರಲ್ಲಿ ಒಳಗೆ ಬಂದು ನಿಂತಿದ್ದ ಗುಮಾಸ್ತ ಕಿಟಕಿಯಾಚೆ ಏನೋ ಮಹತ್ವದ್ದು ಕಂಡವನಂತೆ ಮುಖ ತಿರುಗಿಸಿದ.

ಅಂದು ಅವಳು ಹದಿನಾಲ್ಕು ವರ್ಷದಲ್ಲಿ ಮಾಡದ ಕೆಲಸ ಮಾಡಿದಳು. ಚೀಲ ಕೆಳಗಿಟ್ಟು, ಒಬ್ಬರ ಮಾತನ್ನು ಕೊನೆಯವರೆಗೆ ಕೇಳಿದಳು.

ಎಂಟು ವರ್ಷದ ಹಿಂದೆ ಈ ಯಂತ್ರ ಬಂದಾಗ ನೀರುಗಂಟಿಗೆ ಕಲಿಸಿದ್ದು ಒಂದೇ ವಿದ್ಯೆ. ಕೂಲಿಯವರು ಬಂದರೆ ಚೌಕಕ್ಕೆ ಹಸಿರು ಬಣ್ಣ, ಬಾರದಿದ್ದರೆ ಕೆಂಪು. ಕಚೇರಿಯಲ್ಲಿದ್ದ ಕೊಳವೆಗಳ ನಕ್ಷೆಯ ಅರ್ಧ ಗೆದ್ದಲು ತಿಂದಿತ್ತು, ಉಳಿದರ್ಧ ಸುಳ್ಳು ಹೇಳುತ್ತಿತ್ತು. ಒಂದು ದಿನ ಹಾಜರಿ ತುಂಬುತ್ತ ಕೂತಿದ್ದಾಗ ಹಸಿರು ಚೌಕಗಳ ಸಾಲು ಆತನ ಕಣ್ಣಿಗೆ ಕೊಳವೆಯ ಹಾಗೆ ಕಂಡಿತು. ಹೊಸ ಹಾಳೆ ತೆಗೆದ. ಬಾವಿಯಿಂದ ಶುರು ಮಾಡಿದ. ಹಗಲು ಕೊಳವೆಯ ಮೇಲೆ ಎಣಿಸುತ್ತ ನಡೆಯುವುದು, ಬಂದು ಅಷ್ಟು ಚೌಕಕ್ಕೆ ಬಣ್ಣ ತುಂಬುವುದು. ದಪ್ಪ ಕೊಳವೆಗೆ ನೀಲಿ, ಕವಲಿಗೆ ಹಸಿರು, ವಾಲ್ವಿಗೆ ಕೆಂಪು.

"ಒಂದು ಚೌಕ ಅಂದ್ರೆ ನನ್ನ ಒಂದು ಹೆಜ್ಜೆ," ಎಂದ.

"ಎಷ್ಟು ಬೀದಿ ಮಾಡಿದ್ದೀರಿ?"

"ಎಲ್ಲಾನೂ."

"ಎಲ್ಲಾ ಅಂದ್ರೆ?"

"ಊರು ತಾಯಿ. ಊರೆಲ್ಲ."

ಅವಳು ಪರದೆಯನ್ನು ಮತ್ತೊಮ್ಮೆ ನೋಡಿದಳು. ಅಲ್ಲಿ ಕಾಣುತ್ತಿದ್ದದ್ದು ಮೂವತ್ತು ನಲವತ್ತು ಹೆಜ್ಜೆಯಷ್ಟು ಜಾಗ.

ಕೊಳವೆಯ ಸಾಲುಗಳೆಲ್ಲದರ ಒಂದು ಹಳೆಯ ಪ್ರತಿ ಪೆನ್‌ಡ್ರೈವಿನಲ್ಲಿತ್ತು. ಅದಕ್ಕೆ ಅಪಾಯವಿರಲಿಲ್ಲ. ಆದರೆ ನಾಳೆ ಆತನ ಕೆಲಸದ ಕೊನೆಯ ದಿನ. ಬೇರೆ ಊರಿನಿಂದ ಹೊಸಬನೊಬ್ಬ ಬರುತ್ತಾನೆ, ಕೀಲಿ ಅವನ ಕೈಗೆ ಹೋಗುತ್ತದೆ. ಕೊಳವೆ ಎಲ್ಲಿದೆ ಎಂದು ಗೊತ್ತಾದ ಮಾತ್ರಕ್ಕೆ ನೀರು ಬಿಡಲು ಬರುವುದಿಲ್ಲ. ಯಾವ ವಾಲ್ವು ಎಷ್ಟು ಸುತ್ತು, ಯಾವುದು ಉಲ್ಟಾ ತಿರುಗುತ್ತದೆ, ಯಾವುದನ್ನು ರಭಸದಿಂದ ತೆರೆದರೆ ಮುಂದಿನ ಬೀದಿಯಲ್ಲಿ ಕೊಳವೆ ಒಡೆಯುತ್ತದೆ, ಇದೆಲ್ಲ ಬೇಕು. ಅದನ್ನು ಆತ ಒಂದೊಂದು ಕೆಂಪು ಚೌಕಕ್ಕೂ ಚೀಟಿ ಅಂಟಿಸಿದ ಹಾಗೆ ಬರೆದಿದ್ದ. ಬಾಣ ತಂದಿಟ್ಟರೆ ಚೀಟಿ ತೆರೆದುಕೊಳ್ಳುತ್ತದೆ. ಹತ್ತೊಂಬತ್ತು ದಿನ, ಆರುನೂರ ಹನ್ನೆರಡು ವಾಲ್ವು, ಆರುನೂರ ಹನ್ನೆರಡು ಚೀಟಿ. ಒಂದೂ ಸೇವ್ ಆಗಿರಲಿಲ್ಲ.

"ಇನ್ನೊಂದು ಸಲ ಹೇಳಿ, ಕಾಗದದಲ್ಲಿ ನಾನೇ ಬರ್ಕೊಳ್ತೀನಿ," ಎಂದಳು.

ಆತ ತಲೆಯಾಡಿಸಿದ. "ಬಾಯಿಗೆ ಬರಲ್ಲ ತಾಯಿ. ಕೀಲಿ ಹಾಕಿ ತಿರುಗಿಸಿದಾಗ ಕೈಗೆ ಬರುತ್ತೆ. ಅಲ್ಲಿ ನಿಂತಾಗ ನೆನಪಾಗುತ್ತೆ, ಬಂದು ಬರೀತೀನಿ. ನಾಳೆ ಸಂಜೆ ಆದ್ಮೇಲೆ ಕೀಲಿ ನನ್ನ ಹತ್ರ ಇರಲ್ಲ."

ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತು.

ಅವಳು ಕೆಲಸಕ್ಕಿಳಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಕೆಲಸ. ಓಡುತ್ತಿರುವ ಯಂತ್ರದ ಪಕ್ಕದ ತಗಡನ್ನು ಉಸಿರು ಬಿಗಿಹಿಡಿದು ಬಿಚ್ಚಿದಳು. ಒಳಗಿನ ಫ್ಯಾನು ಧೂಳಿನ ಕಂಬಳಿ ಹೊದ್ದು ತಿರುಗಲೋ ಬೇಡವೋ ಎನ್ನುತ್ತಿತ್ತು. ಬ್ರಷ್ಷಿನಿಂದ ಅದನ್ನು ಮೆಲ್ಲಗೆ ಬಿಡಿಸಿ, ಮೇಜಿನ ಫ್ಯಾನನ್ನು ನೇರ ಒಳಕ್ಕೆ ತಿರುಗಿಸಿಟ್ಟಳು. ಹಿಂದೆ ಓಡುತ್ತಿದ್ದ ವೈರಸ್ ತಪಾಸಣೆಯನ್ನು ನಿಲ್ಲಿಸಿದಳು, ಗುಮಾಸ್ತನ ಇಸ್ಪೀಟಾಟ ಮುಚ್ಚಿದಳು. ಒಂದೊಂದು ಕ್ಲಿಕ್ಕಿಗೂ ಎರಡೆರಡು ನಿಮಿಷ. ಕೊನೆಗೆ ಡಿಸ್ಕ್ ನೋಡಿದರೆ ಅದರಲ್ಲಿ ಕಾಲಿಡಲು ಜಾಗವಿಲ್ಲ. ಊರಿನಷ್ಟು ದೊಡ್ಡದನ್ನು ಬರೆದಿಡಲು ಜಾಗವೇ ಇಲ್ಲದಿದ್ದರೆ ಯಂತ್ರ ತಾನೇ ಏನು ಮಾಡೀತು? 'ಕಚೇರಿ ಕಡತ' ಎಂಬ ಹೆಸರಿನಲ್ಲಿ ಎಪ್ಪತ್ತಮೂರು ಸಿನಿಮಾ ಇದ್ದವು.

"ಅಳಿಸ್ತಾ ಇದ್ದೀನಿ," ಎಂದಳು.

"ಕೊನೇದು ಇನ್ನೂ ಪೂರ್ತಿ ನೋಡಿಲ್ಲ ಮೇಡಂ," ಎಂದ ಗುಮಾಸ್ತ, ಸಣ್ಣ ದನಿಯಲ್ಲಿ.

ನೀರುಗಂಟಿ ಕೀಲಿಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದ ಅಷ್ಟೇ. ಗುಮಾಸ್ತ ಬಾಯಿಗೆ ಬೀಗ ಹಾಕಿಕೊಂಡ.

ಸೇವ್ ಒತ್ತುವ ಮೊದಲು ಅವಳಿಗೊಂದು ಅನುಮಾನ ಬಂತು. ಇಂಥ ಹಾಳೆಗಳು ಹತ್ತು ನಿಮಿಷಕ್ಕೊಮ್ಮೆ ತಾವಾಗಿಯೇ ಒಂದು ಪ್ರತಿ ಇಟ್ಟುಕೊಳ್ಳಬೇಕು. ಇಲ್ಲಿ ಯಾಕಿಲ್ಲ? ಹೋಗಿ ನೋಡಿದಳು. ಅದನ್ನು ಯಾರೋ ನಿಲ್ಲಿಸಿದ್ದರು.

"ಯಾವ ಪುಣ್ಯಾತ್ಮ ಇದನ್ನ ಆಫ್ ಮಾಡಿದ್ದು?" ಎನ್ನುತ್ತ ತಲೆ ಎತ್ತಿದವಳ ಕಣ್ಣಿಗೆ ಕ್ಯಾಬಿನೆಟ್ಟಿನ ನೆತ್ತಿಗೆ ಅಂಟಿಸಿದ್ದ ಚೀಟಿ ಬಿತ್ತು. 'ಸರಿಪಡಿಸಲಾಗಿದೆ.' ಮೂರು ತಿಂಗಳ ಹಿಂದಿನ ತಾರೀಕು. ಕೆಳಗೆ ಅವಳದೇ ರುಜು.

ಎಲ್ಲ ನೆನಪಾಯಿತು. ಹತ್ತು ನಿಮಿಷಕ್ಕೊಮ್ಮೆ ನಿಂತು ನಿಂತು ಓಡುತ್ತದೆ ಎಂದು ಗುಮಾಸ್ತ ದೂರಿದ್ದ. ಅವಳು ಬಂದು, ಪ್ರತಿ ಇಟ್ಟುಕೊಳ್ಳುವಾಗ ನಿಲ್ಲುತ್ತಿದೆ ಎಂದು ಕಂಡು, ಅದನ್ನೇ ತೆಗೆದುಹಾಕಿ, ಐದು ನಿಮಿಷದಲ್ಲಿ ರಸೀದಿ ಹರಿದಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಗ ನೀರುಗಂಟಿ ಯಾವುದೋ ಬೀದಿಯಲ್ಲಿ ಹೆಜ್ಜೆ ಎಣಿಸುತ್ತಿದ್ದಿರಬೇಕು. ಅವಳಿಗೆ ನಾಚಿಕೆಯಾಯಿತು, ಮೊದಲ ಬಾರಿಗೆ ತನ್ನ ವೇಗದ ಬಗ್ಗೆ. ಆದರೆ ಹೇಳಿಕೊಳ್ಳಲು ಹೊತ್ತಿರಲಿಲ್ಲ. ಒಂದೂಕಾಲಿಗೆ ಸೇವ್ ಒತ್ತಿದಳು.

ಪರದೆ ಬಿಳಿಚಿತು. ಬಾಣ ಮಾಯವಾಯಿತು.

ಐದು ನಿಮಿಷ. ಹದಿನೈದು ನಿಮಿಷ. ಅರ್ಧ ಗಂಟೆ. ಡಿಸ್ಕ್ ಓಡುತ್ತಿದೆಯೋ ಇಲ್ಲವೋ ಹೇಳುವ ಕೆಂಪು ದೀಪ ಎಂದೋ ಸುಟ್ಟುಹೋಗಿತ್ತು. ಕಿವಿಗೊಟ್ಟು ಕೇಳೋಣವೆಂದರೆ ಪಂಪ್‌ಮನೆಯ ಸದ್ದಿನಲ್ಲಿ ಏನೂ ಕೇಳುವ ಹಾಗಿರಲಿಲ್ಲ. ಗುಮಾಸ್ತ ವಿದ್ಯುತ್ ಕಚೇರಿಗೆ ಫೋನು ಮಾಡಿ ಅಂಗಲಾಚಿದ. ಲೈನಿನವರು ಆಗಲೇ ಕಂಬ ಹತ್ತಿ ಕೂತಿದ್ದಾರೆ, ಗಡಿಯಾರ ನೋಡುತ್ತಿದ್ದಾರೆ ಎಂಬ ಉತ್ತರ ಬಂತು. ಯುಪಿಎಸ್ಸಿನ ಬ್ಯಾಟರಿ ಮುದಿಯಾಗಿತ್ತು. ಹೆಚ್ಚೆಂದರೆ ನಾಲ್ಕು ನಿಮಿಷ ಎಳೆದೀತು.

ಒಂದೂ ಐವತ್ತಕ್ಕೆ ಪರದೆಯ ನಡುವೆ ಒಂದು ಪೆಟ್ಟಿಗೆ ಮೂಡಿತು. ಪ್ರೋಗ್ರಾಂ ಉತ್ತರ ಕೊಡುತ್ತಿಲ್ಲ. ಮುಚ್ಚಬೇಕೇ, ಕಾಯಬೇಕೇ?

ಅವಳ ಅನುಭವ ಮುಚ್ಚು ಎನ್ನುತ್ತಿತ್ತು. ಮೂವತ್ತೈದು ನಿಮಿಷ ಸುಮ್ಮನಿದ್ದ ಯಂತ್ರ ಎದ್ದು ಕೂತದ್ದನ್ನು ಅವಳು ಕಂಡಿರಲಿಲ್ಲ. "ಇದು ಸತ್ತಿದೆ," ಎಂದಳು. "ಈಗ ಮುಚ್ಚಿದ್ರೆ ಹೋಗ್ತಾ ಹೋಗ್ತಾ ಕೈಗೆ ಸಿಕ್ಕಿದ್ದನ್ನ ಉಳಿಸಿಕೊಡಬಹುದು. ಹತ್ತಕ್ಕೆ ಮೂರು ಸಲ ಹಾಗಾಗುತ್ತೆ. ಅದಕ್ಕೂ ಹತ್ತು ನಿಮಿಷ ಬೇಕು. ಈಗ ಬಿಟ್ರೆ ಅದೂ ಇಲ್ಲ. ಏನು ಮಾಡ್ಲಿ ಹೇಳಿ."

"ಸತ್ತಿದೆ ಅಂತ ಯಾರು ಹೇಳಿದ್ದು?"

"ನಿಮ್ಮ ಕಣ್ಣಿಗೆ ಕಾಣ್ತಿಲ್ವಾ?"

"ಕಣ್ಣಿಗೆ ರಸ್ತೆ ಮಾತ್ರ ಕಾಣುತ್ತೆ ತಾಯಿ. ನೀರು ಕಾಣಲ್ಲ," ಎಂದ ನೀರುಗಂಟಿ.

ಆತ ಕಂಕುಳಲ್ಲಿದ್ದ ಸಲಾಕೆ ತೆಗೆದ. ಗಜದುದ್ದದ ಕಬ್ಬಿಣ, ಒಂದು ತುದಿ ಚೂಪು, ಇನ್ನೊಂದು ತುದಿಗೆ ತಟ್ಟೆಯಂಥ ಮರದ ಬಿಲ್ಲೆ. ನೆಲದಡಿ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯುವ ಸಾಧನ. ಆತ ಅದನ್ನು ಕಿವಿಗೋಲು ಅನ್ನುತ್ತಿದ್ದ. ಅಂಗಿಯ ತುದಿಯಿಂದ ಚೂಪನ್ನು ಒರೆಸಿ, ತೆರೆದ ಕ್ಯಾಬಿನೆಟ್ಟಿನೊಳಗೆ ಡಿಸ್ಕ್ ಕೂತಿದ್ದ ಚೌಕಟ್ಟಿನ ಅಂಚಿಗೆ, ನೊಣ ಕೂತಷ್ಟು ಹಗುರವಾಗಿ ತಾಗಿಸಿದ. ಬಿಲ್ಲೆಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದ.

ಅವಳ ಬೆರಳು ಮುಚ್ಚು ಎಂಬುದರ ಮೇಲೆಯೇ ಇತ್ತು. ಗಡಿಯಾರದ ಮುಳ್ಳು ಒಂದು ಗೆರೆ ಸರಿಯಿತು.

"ಹರೀತಿದೆ," ಎಂದ.

"ಏನು?"

"ಒಳಗೆ. ಮೊದಲು ಕಲ್ಲು ಕಡಿದ ಹಾಗೆ ಕಟಕಟ ಅಂತಿತ್ತು. ಈಗ ನುಣ್ಣಗಾಗ್ತಿದೆ. ಒಂದು ವಾರ ನಿಂತಿದ್ದ ಬೀದಿಗೆ ನೀರು ಬಿಟ್ರೆ ನಲ್ಲಿ ಒಂದು ಗಂಟೆ ಬರೀ ಗಾಳಿ ಕೆಮ್ಮುತ್ತೆ. ಜನ ನಲ್ಲಿಗೆ ಗುದ್ದುತಾರೆ. ನೀರು ದಾರೀಲೇ ಇರುತ್ತೆ. ನೀನೇ ಕೇಳು."

ಅವಳು ಬಗ್ಗಿ ಬಿಲ್ಲೆಗೆ ಕಿವಿಯಿಟ್ಟಳು. ಪಂಪಿನ ಗುಂಯ್ ದೂರ ಹೋಯಿತು. ಮೊದಲು ಏನೂ ಇರಲಿಲ್ಲ. ಆಮೇಲೆ, ಕಬ್ಬಿಣದ ಆಳದಿಂದ, ಅಕ್ಕಿಯ ಮೇಲೆ ಬೆರಳಾಡಿಸಿದಂಥ ಸದ್ದು. ಸಮ, ಎಡೆಬಿಡದ, ಅವಸರವಿಲ್ಲದ ಸದ್ದು. ಹದಿನಾಲ್ಕು ವರ್ಷ ಸಾವಿರಾರು ಡಿಸ್ಕುಗಳನ್ನು ಬಿಚ್ಚಿ ಜೋಡಿಸಿದ್ದಳು, ಒಂದರ ದನಿಯನ್ನೂ ಹೀಗೆ ಕೇಳಿರಲಿಲ್ಲ. ಕಟಕಟ ಎಂದರೆ ಜಾಗ ಸಾಲದೆ ತಡಕಾಡುವುದು. ನುಣ್ಣಗೆ ಎಂದರೆ ತಡಕಾಟ ಮುಗಿದು ಬರೆಯತೊಡಗಿರುವುದು. ಅದನ್ನು ಆತ ಏನೂ ಓದದೆ, ಯಾರೂ ಹೇಳದೆ, ಕಿವಿಯಿಂದ ತಿಳಿದಿದ್ದ. ಆರುನೂರ ಹನ್ನೆರಡು ಚೀಟಿಗಳು ಒಂದೊಂದಾಗಿ ಅಲ್ಲಿ ಇಳಿಯುತ್ತಿದ್ದವು, ಅವಳು ಅವನ್ನು ಕೊಲ್ಲಲು ಬೆರಳೆತ್ತಿದ್ದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅವಳ ಅತ್ತೆ ದಿನಕ್ಕೆ ಮೂರು ಸಲ ಹೇಳುತ್ತಿದ್ದದ್ದು ತನಗೇ ಎಂದು ಅವಳಿಗೆ ಈಗ ಅರ್ಥವಾಯಿತು.

ಕಾಯಬೇಕು ಎಂಬುದನ್ನು ಒತ್ತಿದಳು. ಕೈ ಕಟ್ಟಿಕೊಂಡು ಹಿಂದೆ ಸರಿದಳು.

ಸರಿಯಾಗಿ ಎರಡಕ್ಕೆ ದೀಪ ಹೋಯಿತು. ಪಂಪ್‌ಮನೆ ಒಮ್ಮೆ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಯುಪಿಎಸ್ ಕುಂಯ್ ಕುಂಯ್ ಎನ್ನತೊಡಗಿತು. ನಾಲ್ಕು ನಿಮಿಷ. ಅವಳು ಥಟ್ಟನೆ ಬಗ್ಗಿ ಮಾನಿಟರಿನ ವೈರು ಕಿತ್ತಳು. ಪರದೆ ಕಪ್ಪಾಯಿತು.

"ಅಯ್ಯೋ ಮೇಡಂ," ಎಂದ ಗುಮಾಸ್ತ.

"ಬ್ಯಾಟರಿ ಅದಕ್ಕೆ ಯಾಕೆ ದಂಡ? ಇರೋದೆಲ್ಲ ಇದಕ್ಕೇ ಸಿಗಲಿ. ನೀವು ಸುಮ್ನೆ ನಿಲ್ಲಬೇಡಿ, ಗಾಳಿ ಹಾಕಿ, ಮೇಜಿನ ಫ್ಯಾನ್ ನಿಂತಿದೆ."

ಗುಮಾಸ್ತ ಹಾಜರಿ ಪುಸ್ತಕ ಎತ್ತಿಕೊಂಡು ಯಂತ್ರಕ್ಕೆ ಬೀಸತೊಡಗಿದ. ಆ ಪುಸ್ತಕಕ್ಕೆ ಇಷ್ಟು ಕೆಲಸ ಎಂದೂ ಬಿದ್ದಿರಲಿಲ್ಲ. ನೀರುಗಂಟಿ ಕಿವಿಗೋಲಿಗೆ ಕಿವಿಯಿಟ್ಟು ಕೂತ. ನೋಡಲು ಏನೂ ಇಲ್ಲದ ಕೋಣೆಯಲ್ಲಿ ಮೂವರೂ ಒಂದು ಸದ್ದಿಗೆ ಕಾವಲಿದ್ದರು.

"ಆ ಪ್ರತಿ ಇಡೋದನ್ನ ನಿಲ್ಲಿಸಿದ್ದು ನಾನೇ," ಎಂದಳು ಅವಳು. ಈಗ ಹೇಳದಿದ್ದರೆ ಎಂದೂ ಹೇಳಲಾರೆ ಅನ್ನಿಸಿತು. "ಮೂರು ತಿಂಗಳ ಹಿಂದೆ. ಏನು ಎತ್ತ ಕೇಳದೆ. ತಪ್ಪು ನಂದು."

ಆತ ಕಣ್ಣು ತೆರೆಯಲಿಲ್ಲ. "ಗೊತ್ತಿಲ್ದೆ ನೀನು ಒಂದು ವಾಲ್ವ್ ಮುಚ್ಚಿದ್ದೆ. ತೆರೆದ್ರಾಯ್ತು," ಎಂದ. ಸ್ವಲ್ಪ ಹೊತ್ತಾದ ಮೇಲೆ, "ನಾನು ಕೆಲಸಕ್ಕೆ ಸೇರಿದ ವಾರ ಅರ್ಧ ಊರಿಗೆ ಎರಡು ದಿನ ನೀರಿಲ್ಲ ಮಾಡಿದ್ದೆ," ಎಂದ.

ಎರಡೂ ನಾಲ್ಕು. ಎರಡೂ ಐದು. ಕುಂಯ್ ಕುಂಯ್ ಒಂದಕ್ಕೊಂದು ಹತ್ತಿರವಾಗುತ್ತ ಬಂತು. ಎರಡೂ ಆರಕ್ಕೆ ಆತ ಕೈ ಎತ್ತಿದ.

"ನಿಂತಿತು."

ಅವಳು ಬಿಲ್ಲೆಯತ್ತ ಬಗ್ಗಿದಳು. "ಕೆಟ್ಟು ನಿಂತಿದ್ದಾ? ಮುಗಿಸಿ ನಿಂತಿದ್ದಾ?"

"ಪೈಪ್ ಒಡೆದು ನಿಲ್ಲೋದು ಬೇರೆ, ತೊಟ್ಟಿ ತುಂಬಿ ನಿಲ್ಲೋದು ಬೇರೆ," ಎಂದ ಆತ. "ಇದು ತುಂಬಿ ನಿಂತಿದ್ದು."

ಆ ಮಾತು ಮುಗಿಯುತ್ತಿದ್ದಂತೆ ಯುಪಿಎಸ್ ಉದ್ದಕ್ಕೆ ಒಮ್ಮೆ ಕೂಗಿ ಸತ್ತಿತು. ಯಂತ್ರದ ಫ್ಯಾನು ನಿಧಾನವಾಗಿ ತಿರುಗುತ್ತ ನಿಂತುಹೋಯಿತು. ಹತ್ತೊಂಬತ್ತು ದಿನದ ನಂತರ ಅದು ಮೊದಲ ಬಾರಿ ಆರಿತ್ತು.

ಕರೆಂಟು ಬಂದದ್ದು ಮೂರೂವರೆಗೆ. ಕಾಯುತ್ತಲೇ ಅವಳು ಫ್ಯಾನಿನ ಉಳಿದ ಧೂಳು ತೆಗೆದಳು, ಹಳೆಯ ಮೆಮೊರಿ ಬಿಚ್ಚಿ ಚೀಲದಲ್ಲಿದ್ದ ದೊಡ್ಡದನ್ನು ಕೂರಿಸಿದಳು, ತನ್ನ ಹೆಸರಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. ಹೊತ್ತಿಸಿ, ಹಾಳೆ ತೆರೆದಳು. ಬಿಳಿ ಪರದೆ. ಮೌಸು ಮುಟ್ಟಲಿಲ್ಲ. ತಾಳಿದವನು ಬಾಳಿಯಾನು ಎಂದು ಗೊಣಗಿಕೊಂಡು ಎರಡೂ ಕೈಗಳನ್ನು ತೊಡೆಯಡಿಗೆ ಇಟ್ಟುಕೊಂಡು ಕೂತಳು. ಒಂಬತ್ತು ನಿಮಿಷ ಆಯಿತು.

ನೀಲಿ ಸಾಲು ಮೂಡಿತು. ಅವಳು ಬಾಣವನ್ನು ಹತ್ತಿರದ ಕೆಂಪು ಚೌಕಕ್ಕೆ ಒಯ್ದಳು. ಚೀಟಿ ತೆರೆಯಿತು. 'ಹದಿನಾಲ್ಕು ಸುತ್ತು. ಕೊನೆಯ ಎರಡು ಬಿಗಿ. ಬೈಯಬೇಡ, ತಿರುಗುತ್ತದೆ.'

ನೀರುಗಂಟಿ ಮುಖವನ್ನು ಹೆಗಲ ಬಟ್ಟೆಯಿಂದ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ.

"ಇದನ್ನ ಪೂರ್ತಿಯಾಗಿ ಯಾವತ್ತಾದ್ರೂ ನೋಡಿದ್ದೀರಾ?" ಎಂದು ಕೇಳಿದಳು.

"ಪೂರ್ತಿ ಹೇಗೆ ನೋಡೋದು? ಸರಿಸಿ ಸರಿಸಿ ನೋಡ್ತೀನಿ."

ದೂರ ಸರಿಸಿ ನೋಡುವುದನ್ನು ಆತನಿಗೆ ಯಾರೂ ಕಲಿಸಿರಲಿಲ್ಲ. ಎಂಟು ವರ್ಷ ಆತ ತನ್ನ ಊರನ್ನು ಕಿಟಕಿಯಷ್ಟಗಲ ಕಿಟಕಿಯಷ್ಟಗಲವೇ ಕಂಡಿದ್ದ. ಅವಳು ಕೆಳಗಿನ ಮೂಲೆಯ ಗುಂಡಿಯನ್ನು ಮೆಲ್ಲಗೆ ಎಡಕ್ಕೆ ಎಳೆದಳು, ಇನ್ನು ಆಗದು ಎನ್ನುವಷ್ಟು ಕೊನೆಯ ತನಕ. ಅದೂ ಸಾಲಲಿಲ್ಲ, ಊರಿನ ಒಂದು ಮೂಲೆ ಮಾತ್ರ ಹಿಡಿಯಿತು. ಆಗ ಅವಳು ಚೌಕಗಳನ್ನೇ ಸಾಸಿವೆಯಷ್ಟು ಕಿರಿದು ಮಾಡಿ ಮತ್ತೆ ಕಾದಳು.

ಊರು ಎದ್ದು ಬಂತು.

ಬಾವಿಯಿಂದ ಹೊರಟ ನೀಲಿ ಬೊಡ್ಡೆ. ಅದರಿಂದ ಕವಲು, ಕವಲಿನಿಂದ ಕವಲು, ತುದಿಗೆ ಹೋದಂತೆ ಕೂದಲಿನಷ್ಟು ಸಣ್ಣ ಹಸಿರು. ನಡುನಡುವೆ ನೂರಾರು ಕೆಂಪು ಚುಕ್ಕೆ. ಬಿಸಿಲಿಗೆ ಹಿಡಿದ ಎಲೆಯ ನರಗಳ ಹಾಗಿತ್ತು. ಬೀದಿಗಳಿಲ್ಲ, ಮನೆಗಳಿಲ್ಲ, ಆದರೂ ನೋಡಿದ ಕೂಡಲೇ ಇದು ನಮ್ಮೂರೇ ಎಂದು ಗುರುತು ಹತ್ತುತ್ತಿತ್ತು. ಒಂದೊಂದು ಕಣವೂ ಈ ಮನುಷ್ಯನ ಒಂದೊಂದು ಹೆಜ್ಜೆ. ಇಷ್ಟನ್ನೂ ಹೊತ್ತುಕೊಂಡು ಆ ಬಡ ಯಂತ್ರ ಇಷ್ಟು ದಿನ ನಿಂತಿತ್ತಲ್ಲ ಎನ್ನಿಸಿತು. ಅದನ್ನು ಸತ್ತಿದೆ ಎಂದಿದ್ದಕ್ಕೆ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡಳು.

ಗುಮಾಸ್ತ ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ನೀರುಗಂಟಿ ಪರದೆಯ ಹತ್ತಿರ ಬಂದು, ಬೆರಳನ್ನು ಗಾಜಿಗೆ ತಾಗಿಸದೆ, ಬಾವಿಯಿಂದ ಒಂದು ಕವಲಿನ ತುದಿಯವರೆಗೆ ಒಯ್ದ.

"ಹೀಗಿದೆಯಾ," ಎಂದ. "ನಾನು ಗೀಚಿದ್ದು ಅಂದ್ಕೊಂಡಿದ್ದೆ."

ಯಾರೇ ಆದರೂ ಊರಿನ ನಕ್ಷೆ ಕಂಡರೆ ಮೊದಲು ಹುಡುಕುವುದು ತಮ್ಮ ಮನೆಯನ್ನು. ಅವಳೂ ಹುಡುಕಿದಳು. ಹಳೆಯ ಅಂಚೆ ಕಚೇರಿಯ ಹತ್ತಿರದ ತಿರುವು, ಅಲ್ಲಿಂದ ಆರು ಮನೆಯ ಮೊಂಡು ಓಣಿ, ಓಣಿಯ ಬಾಯಲ್ಲಿ ಒಂದು ಕೆಂಪು ಚುಕ್ಕೆ. ಆ ಓಣಿಯ ನಲ್ಲಿಗೊಂದು ವಿಚಿತ್ರವಿತ್ತು. ಸುತ್ತಲಿನ ಬೀದಿಗಳಲ್ಲೆಲ್ಲ ಸಂಜೆ ಏಳಕ್ಕೆ ನೀರು ನಿಂತರೆ ಅವರಿಗೆ ಮಾತ್ರ ಏಳೂಕಾಲಿನ ತನಕ ಬರುತ್ತಿತ್ತು. ಅತ್ತೆ ಅದನ್ನು ತನ್ನ ಪುಣ್ಯ ಅನ್ನುತ್ತಿದ್ದಳು. ಸೊಸೆ ಕೊಳವೆಯ ಇಳಿಜಾರು ಅನ್ನುತ್ತಿದ್ದಳು. ನಾಲ್ಕು ವರ್ಷದಿಂದ ಈ ವಾದ ಬಗೆಹರಿದಿರಲಿಲ್ಲ. ಸರಿ, ಇಳಿಜಾರು ಎಂದು ಬರೆದಿರುತ್ತದೆ, ಅತ್ತೆಗೆ ಹೇಳಿ ಗೆಲ್ಲೋಣ ಎಂದುಕೊಂಡು ಅವಳು ಬಾಣವನ್ನು ಅಲ್ಲಿಗೆ ತಂದಳು.

'ಒಂಬತ್ತು ಸುತ್ತು. ಕೊನೆಯ ಮನೆಯ ಅತ್ತೆಗೆ ಮಂಡಿ ನೋವು, ಕೊಡ ಎತ್ತಲಾರರು. ಸೊಸೆ ಕೆಲಸದಿಂದ ಬರುವುದು ಏಳಕ್ಕೆ. ಟಿಕ್ ಟಿಕ್ ಚಪ್ಪಲಿ. ಸದ್ದು ಒಳಗೆ ಹೋಗಿ ಎರಡು ಕೊಡ ತುಂಬುವ ತನಕ ತಾಳು. ಆಮೇಲೆ ಮುಚ್ಚು.'

ಅವಳು ಅದನ್ನು ಎರಡು ಸಲ ಓದಿದಳು. ಮೂರನೆಯ ಸಲ ಅಕ್ಷರ ಕಾಣಲಿಲ್ಲ.

"ಈ ಸೊಸೆ ಯಾರು?" ಎಂದು ಕೇಳಿದಳು, ಪರದೆಯಿಂದ ಮುಖ ತೆಗೆಯದೆ.

"ಯಾರೋ ಗೊತ್ತಿಲ್ಲ ತಾಯಿ. ಅತ್ತೆ ಒಂದ್ಸಲ ಮಾತಾಡಿಸಿದ್ರು, ಅವರು ಗೊತ್ತು. ಆ ಹುಡುಗಿ ಬರೋ ಹೊತ್ತಿಗೆ ನಾನು ವಾಲ್ವಿನ ಗುಂಡಿಯೊಳಗೆ ಬಗ್ಗಿರ್ತೀನಿ. ಹೋದ ವರ್ಷದಿಂದ ಚಪ್ಪಲಿಗೆ ಏನೋ ಆಗಿದೆ, ಗುರುತು ಹಿಡಿಯೋದು ಸುಲಭ. ಯಾವಾಗ್ಲೂ ಓಡ್ತಾನೇ ಬರ್ತಾಳೆ. ಕಾಲು ಗಂಟೆ ತಡ ಮಾಡಿದ್ರೆ ನನ್ನ ಗಂಟೇನು ಹೋಗುತ್ತೆ?"

ನಾನೇ ಎನ್ನಬೇಕೆಂದುಕೊಂಡಳು. ಬದಲಿಗೆ ಮೌಸಿಗೆ ಕೈ ಹಾಕಿದಳು. ಪ್ರತಿ ಇಟ್ಟುಕೊಳ್ಳುವುದನ್ನು ಮತ್ತೆ ಶುರು ಮಾಡಿ, ಎರಡು ಪೆನ್‌ಡ್ರೈವಿಗೆ ಊರನ್ನು ಇಳಿಸಿ, ಒಂದನ್ನು ಆತನ ಕೈಗಿಟ್ಟು ಇನ್ನೊಂದನ್ನು ಗುಮಾಸ್ತನಿಗೆ ಕೊಟ್ಟು, ರಸೀದಿ ಪುಸ್ತಕವನ್ನು ತೆರೆಯದೆ ಚೀಲಕ್ಕೆ ಹಾಕಿದಳು. ಬರ್ತೀನಿ ಎಂದು ತಲೆಯಾಡಿಸಿ ಹೊರಬಂದಳು. ಚಪ್ಪಲಿ ಮೆಟ್ಟಿದಳು. ಉದ್ದದ ಮೊಗಸಾಲೆಯಲ್ಲಿ, ಜನ್ಮದಲ್ಲಿ ಮೊದಲ ಬಾರಿಗೆ ಅವಸರವಿಲ್ಲದೆ, ನಡೆಯತೊಡಗಿದಳು.

ಟಿಕ್. ಟಿಕ್. ಟಿಕ್.

ಹಿಂದೆ ಕೋಣೆಯೊಳಗೆ ಕಬ್ಬಿಣದ ಕೀಲಿ ನೆಲಕ್ಕೆ ಊರಿದ ಸದ್ದು ಕೇಳಿತು.

"ನಿಲ್ಲು ತಾಯಿ."

ಅವಳು ನಿಂತಳು. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ನೀರುಗಂಟಿ ಬಾಗಿಲ ತನಕ ಬಂದು ಅವಳ ಕಾಲುಗಳನ್ನು ನೋಡಿದ.

"ಅತ್ತೆ ಮಂಡಿ ಈಗ ಹೇಗಿದೆ?" ಎಂದು ಕೇಳಿದ.